ದುರ್ಗದ ಪೇಟೆ ಬೀದಿಗೆ ಯಾವುದು ಹೊಂದುತ್ತದೆ: ಅಗಲೀಕರಣವೋ, ವಾಹನ ನಿಷೇಧವೋ, ಒಮ್ಮುಖ ಸಂಚಾರವೋ?

ಚಿತ್ರದುರ್ಗಕ್ಕೆ ಪ್ರವಾಸಿಗರ ಬರವಿಲ್ಲ. ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಕೋಟೆ ಮುಂದೆ ಸಾಲುಗಟ್ಟುತ್ತವೆ. ಹೆದ್ದಾರಿ 48ರಿಂದ ಇಳಿದ ಬಸ್ಸು ನೇರ ಕೋಟೆ ಬಾಗಿಲಿಗೆ ಹೋಗುತ್ತದೆ. ಮಕ್ಕಳು ಓಬವ್ವನ ಕಿಂಡಿ, ಏಕನಾಥೇಶ್ವರಿ ಗುಡಿ ನೋಡಿ ಹತ್ತಿದ ಮೇಲೆ ಅದೇ ಬಸ್ಸು ಹೊಸಪೇಟೆಯತ್ತ ಹೆದ್ದಾರಿ 50 ಹಿಡಿಯುತ್ತದೆ. ಲಕ್ಷ್ಮೀ ಬಜಾರು, ಆನೆಬಾಗಿಲು, ದೊಡ್ಡಪೇಟೆ, ಚಿಕ್ಕಪೇಟೆಯ ಅಂಗಡಿಯವರಿಗೆ ದಕ್ಕುವುದು ಆ ಬಸ್ಸಿನ ಹಾರನ್ ಮಾತ್ರ. ಹಳ್ಳಿಯಿಂದ ಬರುತ್ತಿದ್ದ ಖಾಯಂ ಗಿರಾಕಿಯಾದರೋ ಬೈಕ್ ನಿಲ್ಲಿಸಲು ಜಾಗ ಸಿಗದೆ ದೊಡ್ಡ ರಸ್ತೆಯ ಶೋರೂಮಿಗೋ ಮೊಬೈಲ್ ಆ್ಯಪಿಗೋ ಹೊರಳಿದ್ದಾನೆ.

ಬೀದಿ ಸೊರಗಿತು ಎಂಬ ಮಾತು ಬಂದಾಗ ವರ್ತಕರ ಸಭೆಯಲ್ಲೂ ನಗರಸಭೆಯಲ್ಲೂ ಕೇಳಿಬರುವ ಸಲಹೆಗಳು ಹೆಚ್ಚುಕಡಿಮೆ ಒಂದೇ: ರಸ್ತೆ ಅಗಲ ಮಾಡಿ, ವಾಹನ ನಿಲ್ಲಿಸಿ, ಒಮ್ಮುಖ ಮಾಡಿ, ಒಂದೇ ಬಣ್ಣ ಹೊಡೆಸಿ, ತಿಂಡಿ ಬೀದಿ ತೆರೆಯಿರಿ, ಹೊಸ ಕಾಂಪ್ಲೆಕ್ಸ್ ಕಟ್ಟಿ. ಪ್ರತಿಯೊಂದಕ್ಕೂ ಹೊಂದುವ ಬೀದಿ ಎಲ್ಲೋ ಇದೆ. ನಿಮ್ಮದು ಅದೇ ಬೀದಿಯೇ ಎಂದು ನೋಡಿಕೊಳ್ಳುವುದಕ್ಕೆ ಈ ಹೋಲಿಕೆ. ಪ್ರವಾಸಿ ಬರುವುದು ರಜೆಯಲ್ಲಿ ಮತ್ತು ವಾರದ ಕೊನೆಯಲ್ಲಿ. ಮಾರ್ಚ್‌ನಿಂದ ಮೇವರೆಗೆ ಬಂಡೆ ಕಾದಾಗ ಅವನೂ ಕಡಿಮೆ. ಅಂಗಡಿಯ ಬಾಡಿಗೆ ಹುಟ್ಟುವುದು ಉಳಿದ ದಿನಗಳ ವ್ಯಾಪಾರದಿಂದ. ಹಾಗಾಗಿ ಊರಿನ ಮತ್ತು ಸುತ್ತಲ ಹಳ್ಳಿಯ ಗಿರಾಕಿಗೆ ಅನುಕೂಲವಾಗದ ಯಾವ ಯೋಜನೆಯೂ ಪ್ರವಾಸಿಯ ಹೆಸರಿನಲ್ಲಿ ನಿಲ್ಲುವುದಿಲ್ಲ.

ಆಯ್ಕೆಗೆ ಮುಂಚೆ ಎಣಿಕೆ

ಇದನ್ನು ಬಿಟ್ಟು ಮುಂದೆ ಹೋದವರೇ ಹೆಚ್ಚು. ಬೇಕಾಗುವುದು ನಾಲ್ಕೈದು ಕಾಲೇಜು ಹುಡುಗರು, ಒಂದು ಅಳತೆ ಟೇಪು, ಮೂರು ದಿನ: ಒಂದು ಮಾಮೂಲಿ ದಿನ, ಒಂದು ಸಂತೆ ದಿನ, ಒಂದು ಭಾನುವಾರ.

ಬೀದಿಯ ಎರಡು ಕಡೆ ನಿಂತು ಪ್ರತಿ ಗಂಟೆಗೆ 15 ನಿಮಿಷ, ನಡೆದು ಹೋಗುವವರನ್ನು ಎಣಿಸಿ ನಾಲ್ಕರಿಂದ ಗುಣಿಸಿ. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮಾಡಿದರೆ ಯಾವ ಹೊತ್ತಿನಲ್ಲಿ ಬೀದಿ ಸತ್ತಿದೆ ಎಂಬುದು ತಿಳಿಯುತ್ತದೆ. ಬೀದಿಯ ಅಗಲವನ್ನು ಅತಿ ಕಿರಿದಾದ ಜಾಗದಲ್ಲಿ ಅಳೆಯಿರಿ. ದಾಖಲೆಯಲ್ಲಿರುವ ಅಗಲ ನಂಬಬೇಡಿ. ಕಟ್ಟೆ, ಮೆಟ್ಟಿಲು, ಟ್ರಾನ್ಸ್‌ಫಾರ್ಮರ್ ಬಿಟ್ಟು ನಿಜಕ್ಕೂ ಖಾಲಿ ಇರುವುದೆಷ್ಟು ಎಂದು ಬರೆಯಿರಿ.

ಮೂರನೆಯದು ವಾಹನದ ಎಣಿಕೆ, ಕಣ್ಣು ತೆರೆಸುವುದು ಇದೇ. ಅರ್ಧ ಗಂಟೆಗೊಮ್ಮೆ ಬೀದಿಯುದ್ದ ನಡೆದು, ನಿಂತಿರುವ ಪ್ರತಿ ಬೈಕು-ಕಾರಿನ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳಿ. ಸಂಜೆ ಪಟ್ಟಿ ಹೋಲಿಸಿದರೆ ನಾಲ್ಕು ಗಂಟೆಗೂ ಮೀರಿ ಕದಲದ ಗಾಡಿಗಳು ಯಾವುವೆಂದು ಗೊತ್ತಾಗುತ್ತದೆ. ಅವು ಸಾಮಾನ್ಯವಾಗಿ ಗಿರಾಕಿಯವಲ್ಲ, ಅಂಗಡಿ ಮಾಲೀಕರವು ಮತ್ತು ಕೆಲಸದವರವು. ‘ಪಾರ್ಕಿಂಗ್ ಇಲ್ಲ, ಅದಕ್ಕೇ ವ್ಯಾಪಾರ ಇಲ್ಲ’ ಎನ್ನುವವರ ಗಾಡಿಯೇ ಗಿರಾಕಿಯ ಜಾಗದಲ್ಲಿ ನಿಂತಿರುತ್ತದೆ. ಸಭೆಯಲ್ಲಿ ಈ ಪಟ್ಟಿ ಓದುವಾಗ ಹೆಸರು ಹೇಳಬೇಡಿ, ಸಂಖ್ಯೆಯಷ್ಟೇ ಸಾಕು.

ಕೊನೆಗೆ ಮುಚ್ಚಿದ ಶಟರುಗಳನ್ನು ಎಣಿಸಿ. ಎಣಿಸಿದರೆ ಸಾಲದು, ಒಂದೊಂದರ ಮುಂದೂ ಕಾರಣ ಬರೆಯಿರಿ. ಅದು ಯಾಕೆ ಮುಖ್ಯವೆಂಬುದು ಮುಂದೆ ಬರುತ್ತದೆ.

ಅಗಲೀಕರಣ

ಎಲ್ಲರ ಬಾಯಲ್ಲೂ ಮೊದಲು ಬರುವುದು ಇದು. ಹಳೆ ಪೇಟೆಗೆ ಅತಿ ಕಡಿಮೆ ಹೊಂದುವುದೂ ಇದೇ.

ಪೇಟೆಯ ಹಳೆ ಕಟ್ಟಡಗಳಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಮುಂದಿನ ಅಂಗಡಿ 12 ಅಡಿ ಆಳವಿದ್ದು ಅದರಲ್ಲಿ 8 ಅಡಿ ರಸ್ತೆಗೆ ಹೋದರೆ ಉಳಿಯುವುದು 4 ಅಡಿ. ಅದರಲ್ಲಿ ಬೀಡಾ ಅಂಗಡಿ ನಡೆದೀತು, ಬಟ್ಟೆ ಅಂಗಡಿ ನಡೆಯುವುದಿಲ್ಲ. ಪರಿಹಾರದ ಲೆಕ್ಕವೂ ಹಗುರಲ್ಲ. 2013ರ ಭೂಸ್ವಾಧೀನ ಕಾಯ್ದೆಯಂತೆ ನಗರದಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ ಸೇರುತ್ತದೆ, ಅಂದರೆ ಎರಡು ಪಟ್ಟು. ಹಣದ ಬದಲು ಅಭಿವೃದ್ಧಿ ಹಕ್ಕು, ಅಂದರೆ ಬೇರೆಡೆ ಹೆಚ್ಚುವರಿ ಕಟ್ಟಲು ಬಳಸುವ ಅಥವಾ ಮಾರುವ ಹಕ್ಕಿನ ಪತ್ರ (ಟಿಡಿಆರ್) ಕೊಡುತ್ತೇವೆ ಎನ್ನುವುದುಂಟು. ಹೆಚ್ಚುವರಿ ಮಹಡಿಗೆ ಬೇಡಿಕೆ ಇಲ್ಲದ ಊರಿನಲ್ಲಿ ಆ ಕಾಗದವನ್ನು ಕೊಳ್ಳುವವರು ಯಾರು ಎಂದು ಮೊದಲೇ ಕೇಳಿ.

ಕೋಟೆಯ ಹತ್ತಿರದ ಬೀದಿಗಳಿಗೆ ಇನ್ನೂ ಒಂದು ತೊಡಕಿದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಬಂದ 2010ರ ತಿದ್ದುಪಡಿಯ ನಂತರ ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಇರುವ ಕಟ್ಟಡದ ದುರಸ್ತಿಗೆ ಅರ್ಜಿ ಹಾಕಿ ಅನುಮತಿ ಪಡೆಯಬಹುದು. ಆದರೆ ಅಗಲೀಕರಣಕ್ಕೆಂದು ಮುಂಭಾಗ ಕೆಡವಿದ ಮೇಲೆ ಅದನ್ನು ಮತ್ತೆ ಕಟ್ಟುವುದು ದುರಸ್ತಿಯೆನಿಸುತ್ತದೆ ಎಂಬ ಖಾತ್ರಿ ಇಲ್ಲ. ಸರ್ವೆ ನಕ್ಷೆಯ ಮೇಲೆ ಈ ಎರಡು ಗೆರೆ ಎಳೆಯದೆ ಯಾವ ಅಂದಾಜು ಪಟ್ಟಿಗೂ ಸಹಿ ಹಾಕಬೇಡಿ.

ಇಷ್ಟೆಲ್ಲ ಆಗಿ ರಸ್ತೆ ಅಗಲವಾಯಿತೆನ್ನಿ. ಆ ಜಾಗದಲ್ಲಿ ಮೊದಲು ಬಂದು ನಿಲ್ಲುವುದು ಕಾರು. ಉಳಿದದ್ದರಲ್ಲಿ ಪೇಟೆಗೆ ಸಂಬಂಧವೇ ಇಲ್ಲದ ಗಾಡಿಗಳು ವೇಗವಾಗಿ ಹಾದುಹೋಗುತ್ತವೆ. ಆಚೆ ಬದಿಯ ಅಂಗಡಿಗೆ ದಾಟುವುದೇ ಕಷ್ಟವಾಗಿ ಒಂದು ಬೀದಿ ಎರಡು ಅರ್ಧಗಳಾಗುತ್ತದೆ. ಅಂಗಡಿಗಳನ್ನೇ ತೆಗೆದರೆ ಬೀದಿಯಲ್ಲಿ ಏನು ಉಳಿಯುತ್ತದೆ ಎಂಬುದಕ್ಕೆ ಹಂಪಿ ಬಜಾರು ನೋಡಿ. ಅಲ್ಲಿನ ಕಾರಣ ಬೇರೆ, ಸ್ಮಾರಕ ರಕ್ಷಣೆ. ಆದರೆ 2011ರ ಜುಲೈಯಲ್ಲಿ ಮನೆ-ಅಂಗಡಿಗಳು ತೆರವಾದ ಮೇಲೆ ಅದು ನೋಡುವ ಜಾಗವಾಯಿತು, ಬಜಾರಾಗಿ ಉಳಿಯಲಿಲ್ಲ.

ಅಗಲೀಕರಣ ಹೊಂದುವುದು ಎಲ್ಲಿಗೆ? ಬಸ್ಸು-ಲಾರಿ ಹಾದುಹೋಗಲು ಬೇರೆ ದಾರಿಯೇ ಇಲ್ಲದ ಮುಖ್ಯ ರಸ್ತೆಗೆ. ಪೇಟೆಯ ಒಳಬೀದಿಗಲ್ಲ.

ಪೂರ್ತಿ ವಾಹನ ನಿಷೇಧ

ಇದರ ಪರ ವಾದಿಸುವವರು ತೋರಿಸುವ ಉದಾಹರಣೆಗಳು ಸುಳ್ಳಲ್ಲ. ಕಡಲ ತೀರದ ಕೋಝಿಕ್ಕೋಡಿನ ಮಿಠಾಯಿ ತೆರುವು 2017ರ ಡಿಸೆಂಬರಿನಲ್ಲಿ ಹೊಸ ರೂಪದಲ್ಲಿ ತೆರೆಯಿತು. ಹಗಲಲ್ಲಿ ವಾಹನ ಬೇಡವೆಂದಾಗ ಅಲ್ಲಿನ ವರ್ತಕರೇ ಪ್ರತಿಭಟಿಸಿದ್ದರು. ಪುದುಚೇರಿಯ ಬೀಚ್ ರಸ್ತೆ ಪ್ರತಿ ಸಂಜೆ ವಾಹನಕ್ಕೆ ಮುಚ್ಚಿ ಬೆಳಿಗ್ಗೆ ತೆರೆಯುತ್ತದೆ. ದಿಲ್ಲಿಯ ಚಾಂದನಿ ಚೌಕದಲ್ಲಿ ಕೆಂಪು ಕೋಟೆಯಿಂದ ಫತೇಪುರಿ ಮಸೀದಿವರೆಗಿನ 1.3 ಕಿ.ಮೀ. 2021ರಲ್ಲಿ ಹೀಗೆಯೇ ಬದಲಾಯಿತು. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಕ್ಕಷ್ಟೇ ಪ್ರಯೋಗ ನಡೆಯಿತು.

ಇವೆಲ್ಲಕ್ಕೂ ಸಾಮಾನ್ಯವಾದದ್ದು ಒಂದಿದೆ. ವಾಹನ ತಡೆಯುವ ಮೊದಲೇ ಅಲ್ಲಿ ನಡೆಯುವ ಜನ ಕಿಕ್ಕಿರಿದಿದ್ದರು, ಬೀದಿಯ ತುದಿಯಲ್ಲೇ ಬಸ್ಸು, ಮೆಟ್ರೊ ಅಥವಾ ದೊಡ್ಡ ಮೈದಾನ ಇತ್ತು. ಜನರೇ ಕಡಿಮೆ ಇರುವ ಬೀದಿಯಲ್ಲಿ ವಾಹನವನ್ನೂ ತೆಗೆದರೆ ಸಂಜೆ ಏಳಕ್ಕೇ ಬಿಕೋ ಎನ್ನುತ್ತದೆ, ಹೆಣ್ಣುಮಕ್ಕಳು ಆ ದಾರಿ ಬಿಡುತ್ತಾರೆ. ನಿಮ್ಮ ಎಣಿಕೆಯಲ್ಲಿ ಸಂಜೆ 5ರಿಂದ 8ರವರೆಗೆ ನಡೆಯುವವರ ಸಂಖ್ಯೆ ವಾಹನಗಳಿಗಿಂತ ಹಲವು ಪಟ್ಟು ಇದ್ದರೆ ಮಾತ್ರ ಈ ದಾರಿಗೆ ಹೋಗಿ.

ಸರಕಿನ ಬಗೆಯನ್ನೂ ನೋಡಬೇಕು. ಬಳೆ, ಬಟ್ಟೆ, ಬೆಳ್ಳಿ, ಪುಸ್ತಕ, ಸಿಹಿ ಕೈಯಲ್ಲಿ ಹಿಡಿದು ಹೋಗುವಂಥವು. ಬೀಜ-ಗೊಬ್ಬರ, ಬಣ್ಣದ ಡಬ್ಬ, ಸ್ಟೀಲ್ ಪಾತ್ರೆ, ಶೇಂಗಾ ಚೀಲ ಹಾಗಲ್ಲ. ಮದುವೆ ಜವಳಿಗೆ ಹಳ್ಳಿಯಿಂದ ಒಂದೇ ಗಾಡಿಯಲ್ಲಿ ಹತ್ತು ಜನ ಬರುತ್ತಾರೆ, ಅಜ್ಜಿಯೂ ಇರುತ್ತಾರೆ. ಅವರನ್ನು ಇಳಿಸುವ ಜಾಗ ಅಂಗಡಿಯಿಂದ 150 ಮೀಟರಿಗಿಂತ ದೂರವಿದ್ದರೆ ಮುಂದಿನ ಮದುವೆಗೆ ಅವರು ಇತ್ತ ಬರುವುದಿಲ್ಲ.

ನಿಷೇಧ ಮುರಿದು ಬೀಳುವುದು ಬಹುಪಾಲು ಒಂದೇ ಕಾರಣಕ್ಕೆ: ಸರಕು ಇಳಿಸುವ ವೇಳೆ ಗೊತ್ತು ಮಾಡಿರುವುದಿಲ್ಲ. ಬೆಳಿಗ್ಗೆ 6ರಿಂದ 9.30 ಮತ್ತು ರಾತ್ರಿ 9.30ರ ನಂತರ ಎಂದು ನಿಗದಿ ಮಾಡಿ. ತಡೆಗಂಬಗಳಲ್ಲಿ ಮಧ್ಯದ್ದು ಬೀಗ ತೆಗೆದು ಮಲಗಿಸುವಂಥದಿರಲಿ. ಅದರ ಕೀಲಿ ಅಗ್ನಿಶಾಮಕ ಠಾಣೆ, ಸಂಚಾರ ಪೊಲೀಸ್, ವರ್ತಕರ ಸಂಘ ಮೂವರ ಬಳಿಯೂ ಇರಲಿ. ಕಾಂಕ್ರೀಟಿನಲ್ಲಿ ಶಾಶ್ವತವಾಗಿ ಹೂತ ಕಂಬ ಮೊದಲ ಆ್ಯಂಬುಲೆನ್ಸ್ ಸಿಕ್ಕಿಕೊಂಡ ದಿನವೇ ಕಿತ್ತುಹೋಗುತ್ತದೆ, ಮತ್ತೆ ಬರುವುದಿಲ್ಲ.

ಒಮ್ಮುಖ, ಅಗಲವಾದ ನಡೆದಾರಿ, ಹೊರಗೆ ಪಾರ್ಕಿಂಗ್

ದುರ್ಗದ ಪೇಟೆಗೆ ನಮ್ಮ ಒಲವು ಇದರ ಕಡೆ. ಕೆಡವುವುದಿಲ್ಲ, ಹಂತಹಂತವಾಗಿ ಮಾಡಬಹುದು, ತಪ್ಪಿದರೆ ಹಿಂದೆ ಸರಿಯಬಹುದು.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿಯಂತೆ ನಡೆದಾರಿಯಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ಅಂಗಡಿ ಬೀದಿಯಾದರೆ 2.5 ಮೀಟರ್, ಅಂಚುಗಲ್ಲಿನ ಎತ್ತರ 150 ಮಿ.ಮೀ. ಮೀರಬಾರದು. ಇದನ್ನು ಹಿಡಿದು ಲೆಕ್ಕ ಹಾಕಿ. ಬೀದಿ 12 ಮೀಟರ್ ಇದ್ದರೆ ಎರಡೂ ಬದಿ 2.5ರಂತೆ 5 ಮೀಟರ್ ನಡೆದಾರಿ, 3.5 ಮೀಟರ್ ಒಮ್ಮುಖ ರಸ್ತೆ, 2 ಮೀಟರ್ ಬೈಕ್ ಸಾಲು, 1.5 ಮೀಟರ್ ಹೂವು-ಹಣ್ಣಿನ ವ್ಯಾಪಾರಿಗಳಿಗೆ. ಬೀದಿ 9 ಮೀಟರ್ ಇದ್ದರೆ ನಡೆದಾರಿ 1.8ರಂತೆ ಎರಡು, ರಸ್ತೆ 3.5, ಉಳಿದ 1.9 ಮೀಟರ್ ಒಂದೇ ಬದಿಯ ಬೈಕುಗಳಿಗೆ, ಕಾರಿಗೆ ಜಾಗವಿಲ್ಲ. 7 ಮೀಟರಿಗಿಂತ ಕಿರಿದಾದಲ್ಲಿ ಅಂಚುಗಲ್ಲೇ ಬೇಡ, ಗೋಡೆಯಿಂದ ಗೋಡೆಗೆ ಒಂದೇ ಮಟ್ಟದ ಹಾಸು ಸಾಕು. ಅಂಥಲ್ಲಿ ಪುಟಾಣಿ ಫುಟ್‌ಪಾತ್ ಕಟ್ಟಿದರೆ ಅದರ ಮೇಲೆ ನಡೆಯುವವರು ಯಾರೂ ಇರುವುದಿಲ್ಲ, ಅಂಗಡಿಯ ಡಬ್ಬಗಳು ಮಾತ್ರ ಕೂರುತ್ತವೆ.

ಒಮ್ಮುಖಕ್ಕೆ ಜೋಡಿ ಬೀದಿ ಬೇಕು: ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರಬೇಕು. ಸುತ್ತು ಎಡ ತಿರುವುಗಳಿಂದಲೇ ಮುಗಿಯುವಂತಿದ್ದರೆ ಎದುರು ವಾಹನ ಅಡ್ಡ ಬರುವುದಿಲ್ಲ. ಇಡೀ ಸುತ್ತು 600-700 ಮೀಟರ್ ದಾಟಿದರೆ ಬೈಕಿನವರು ಉಲ್ಟಾ ನುಗ್ಗುವುದು ಖಚಿತ. ಆಗ ತಪ್ಪು ಅವರದೊಂದೇ ಅಲ್ಲ, ಸುತ್ತು ಹಾಕಿದವರದೂ ಹೌದು.

ಪಾರ್ಕಿಂಗಿಗೆ ಒಂದು ಕಾರಿನ ಜಾಗ ಸುಮಾರು 2.5 ಮೀ. × 5 ಮೀ. ಅಷ್ಟರಲ್ಲಿ ಐದಾರು ಬೈಕು ನಿಲ್ಲುತ್ತವೆ. ಐದಾರು ಗಿರಾಕಿ ಬೇಕೋ ಒಬ್ಬ ಬೇಕೋ ಎಂದು ಅಂಗಡಿಯವರೇ ತೀರ್ಮಾನಿಸಲಿ. ಬೀದಿಯೊಳಗೆ ಬೈಕಿಗೆ ಒಂದು ಗಂಟೆಯ ಮಿತಿ, ಮಾಲೀಕರಿಗೂ ಕೆಲಸದವರಿಗೂ ಐದು ನಿಮಿಷದ ನಡಿಗೆಯಲ್ಲಿ ಉಚಿತ ಜಾಗ. ಈ ಒಂದು ನಿಯಮವನ್ನು ಸಂಘವೇ ಒಪ್ಪಿ ನಡೆಸಿದರೆ ಅರ್ಧ ಸಮಸ್ಯೆ ಖರ್ಚಿಲ್ಲದೆ ಕರಗುತ್ತದೆ.

ಪ್ರವಾಸಿ ಬಸ್ಸನ್ನು ಬೀದಿಗೆ ಜೋಡಿಸುವುದೂ ಇಲ್ಲೇ. ಆ ಬಸ್ಸು ನಿಲ್ಲುವ ಜಾಗವನ್ನು ಕೋಟೆ ಬಾಗಿಲಿನಿಂದ ಪೇಟೆಯ ಹೊರತುದಿಗೆ ತಂದರೆ ಕೋಟೆಗೆ ನಡೆಯುವ ದಾರಿಯೇ ಬಜಾರಾಗುತ್ತದೆ. ಆದರೆ ಬಿಸಿಲಿನಲ್ಲಿ ನೆರಳಿಲ್ಲದೆ 400 ಮೀಟರಿಗಿಂತ ಹೆಚ್ಚು ನಡೆಸಿದರೆ ಜನ ಬೈದುಕೊಂಡು ಹೋಗುತ್ತಾರೆ. ವಯಸ್ಸಾದವರಿಗೆ ಆಟೊ ಇರಲಿ. ದಾರಿಯ ನಡುವೆ ಶುಚಿಯಾದ ಶೌಚಾಲಯ, ಕುಡಿಯುವ ನೀರು, ಕೂರಲು ಕಟ್ಟೆ ಬೇಕು. ಐವತ್ತು ಮಕ್ಕಳ ಬಸ್ಸು ಎಲ್ಲಿ ನಿಲ್ಲಬೇಕೆಂದು ತೀರ್ಮಾನವಾಗುವುದು ಶೌಚಾಲಯ ಎಲ್ಲಿದೆ ಎಂಬುದರಿಂದ. ನೆರಳಿಗೆ ಹೊಂಗೆ, ಬೇವು ಸಾಕು: 8-10 ಮೀಟರಿಗೊಂದು, ಗುಂಡಿ 1.2 ಮೀಟರ್ ಚೌಕ. ಮೇಲೆ ಬಟ್ಟೆ ಚಪ್ಪರ ಕಟ್ಟುವುದಾದರೆ ಮಡಚುವಂಥದಿರಲಿ. ಕಮಾನು, ತೂಗುದೀಪ ಏನೇ ಇದ್ದರೂ ನೆಲದಿಂದ 5.5 ಮೀಟರ್ ಬಿಡಿ, ಗಣಪತಿ ಮೆರವಣಿಗೆ ಅದೇ ದಾರಿಯಲ್ಲಿ ಬರುತ್ತದೆ.

ಕಾಮಗಾರಿಯಲ್ಲಿ ಕೆಡುವುದು ಅನುಕ್ರಮ ತಪ್ಪಿದಾಗ. ಮೊದಲು ಒಳಚರಂಡಿ, ನಂತರ ಕುಡಿಯುವ ನೀರಿನ ಕೊಳವೆ, ಮಳೆನೀರು ಚರಂಡಿ, ವಿದ್ಯುತ್ ಮತ್ತು ಕೇಬಲ್ಲಿಗೆ ಖಾಲಿ ಕೊಳವೆ, ಹಾಸು ಕೊನೆಗೆ. ಪ್ರತಿ 30 ಮೀಟರಿಗೆ ಅಡ್ಡಡ್ಡ ಒಂದು ಖಾಲಿ ಕೊಳವೆ ಹೂತಿಟ್ಟರೆ ಮುಂದೆ ಯಾರೂ ಅಗೆಯಬೇಕಿಲ್ಲ. ಹಳೆ ಡಾಂಬರಿನ ಮೇಲೇ ಹೊಸ ಪದರ ಎಳೆದರೆ ರಸ್ತೆ ಅಂಗಡಿಯ ಹೊಸ್ತಿಲಿಗಿಂತ ಮೇಲೇರಿ ಮೊದಲ ಮಳೆಗೇ ನೀರು ಒಳಗೆ ಬರುತ್ತದೆ. ಕೆರೆದು ತೆಗೆದ ಮೇಲೇ ಹಾಸಬೇಕು. ಇಂಟರ್‌ಲಾಕ್ ಕಲ್ಲಾದರೆ ನಡೆದಾರಿಗೆ 60 ಮಿ.ಮೀ., ಗಾಡಿ ಓಡುವಲ್ಲಿ 80 ಮಿ.ಮೀ. ದಪ್ಪ. ಎಲ್ಲ ಕಡೆ 60ರದೇ ಹಾಕಿ ಬಿಲ್ಲು ಮಾಡುವುದು ಹೊಸತಲ್ಲ, ಹಾಸುವ ದಿನವೇ ಸ್ಕೇಲ್ ಹಿಡಿದು ನೋಡಿ. ಕೆಳಗಿನ ಮರಳು 25-40 ಮಿ.ಮೀ. ಇರಲಿ. ಅಂಚು ಕಟ್ಟದೆ ಹಾಸಿದ ಕಲ್ಲು ಒಂದು ಮಳೆಗಾಲದಲ್ಲಿ ಬದಿಗೆ ಸರಿಯುತ್ತದೆ. ನಡೆದಾರಿಗೆ 50ಕ್ಕೆ 1ರ ಇಳಿಜಾರು ಚರಂಡಿಯ ಕಡೆ.

ಬೀದಿ ವ್ಯಾಪಾರಿಗಳನ್ನು ಎಬ್ಬಿಸಿ ಕೆಲಸ ಶುರು ಮಾಡುವ ಹಳೆ ಚಾಳಿ ಬೇಡ. ಅದು ಕಾನೂನಿಗೂ ಒಪ್ಪುವುದಿಲ್ಲ: 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ಮಾರಾಟ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ. 40 ವ್ಯಾಪಾರಿಗಳ ಪ್ರತಿನಿಧಿಗಳು, ಸ್ಥಳಾಂತರಕ್ಕೆ 30 ದಿನದ ನೋಟಿಸು. ಕಾನೂನು ಬಿಟ್ಟರೂ, ದಿನಾ ಹೂವಿಗೆ, ಸೊಪ್ಪಿಗೆ ಬರುವ ಹೆಣ್ಣುಮಕ್ಕಳೇ ಪಕ್ಕದ ಬಳೆ ಅಂಗಡಿಯ ಗಿರಾಕಿಗಳು.

ಬಣ್ಣ ಮತ್ತು ಬೋರ್ಡು

ಬೇಗ ಕಾಣುತ್ತದೆ, ಉದ್ಘಾಟನೆಯ ಫೋಟೋಗೆ ಚೆನ್ನ. ವ್ಯಾಪಾರಕ್ಕೆ ಇದೊಂದರಿಂದಲೇ ಏನೂ ಆಗದು. ಮಾಡುವುದಾದರೆ ಅಲ್ಯೂಮಿನಿಯಂ ಹಲಗೆ ತೆಗೆಸಿ, ಹಿಂದೆ ಮುಚ್ಚಿಹೋದ ಮರದ ಕಿಟಕಿ-ಕಂಬ ಹೊರಬರಲಿ. ಮಣ್ಣು-ಸುಣ್ಣದ ಗೋಡೆಗೆ ಸಿಮೆಂಟ್ ಗಾರೆ, ಪ್ಲಾಸ್ಟಿಕ್ ಬಣ್ಣ ಹಾಕಿದರೆ ತೇವ ಹೊರಹೋಗದೆ ಒಳಗೇ ಉಳಿದು ಪದರ ಕಿತ್ತು ಬರುತ್ತದೆ, ಅಲ್ಲಿಗೆ ಸುಣ್ಣವೇ ಸರಿ. ಫಲಕದಲ್ಲಿ ಶೇ. 60 ಕನ್ನಡ ಎಂಬುದು 2024ರಿಂದ ಕಾನೂನೇ ಆಗಿದೆ, ಹೇಗೂ ಬದಲಿಸಬೇಕಾದಾಗ ಎತ್ತರವನ್ನೂ ಮೂರಡಿಗೆ ಇಳಿಸಿ.

ಸಂಜೆಯ ತಿಂಡಿ ಬೀದಿ

ಕಡಿಮೆ ಖರ್ಚಿನಲ್ಲಿ ಸಂಜೆಗೆ ಜೀವ ತರುವುದು ಇದು. ದಾವಣಗೆರೆಯ ಬೆಣ್ಣೆ ದೋಸೆ, ಮಂಡಕ್ಕಿ-ಮಿರ್ಚಿ ಹುಡುಕಿಕೊಂಡು ಬರುವವರಿಗೆ ದುರ್ಗದಲ್ಲೂ ಅದೇ ರುಚಿ ಬೇಕು. ಕೋಟೆ ಸಂಜೆ ಮುಚ್ಚಿ ಜನ ಇಳಿಯುವ ಹೊತ್ತಿಗೆ, ಅಂದರೆ ಐದಕ್ಕೇ, ಒಲೆ ಹೊತ್ತಿರಬೇಕು. ಏಳಕ್ಕೆ ಶುರು ಮಾಡಿದರೆ ಬಸ್ಸು ಹೋಗಿರುತ್ತದೆ. ಒಂದು ಗಾಡಿಗೆ 2 ಮೀ. × 1.5 ಮೀ., ಐದು ಗಾಡಿಗೊಮ್ಮೆ 3 ಮೀಟರ್ ಖಾಲಿ, ಪ್ರತಿ ಗಾಡಿಗೂ ಬೆಂಕಿ ಆರಿಸುವ ಸಿಲಿಂಡರ್, ಆಹಾರ ಸುರಕ್ಷತೆಯ ನೋಂದಣಿ. ಕೆಡುವುದು ಪಾತ್ರೆ ತೊಳೆದ ನೀರಿನಲ್ಲಿ. ಜಿಡ್ಡು ತಡೆಯುವ ತೊಟ್ಟಿ ಇಲ್ಲದೆ ಮಳೆ ಚರಂಡಿಗೆ ಬಿಟ್ಟರೆ ಮೂರು ತಿಂಗಳಲ್ಲಿ ಕಟ್ಟಿಕೊಂಡು ಪಕ್ಕದ ಬಟ್ಟೆ ಅಂಗಡಿಯವರೇ ದೂರು ಕೊಡುತ್ತಾರೆ. ಹೊಸ ಗಾಡಿಗಳನ್ನು ಹೊರಗಿನಿಂದ ತರುವ ಬದಲು ಇರುವವರಿಗೆ ಬೀದಿ ವ್ಯಾಪಾರಿಗಳಿಗೆಂದೇ ಇರುವ ಕೇಂದ್ರದ ಪಿಎಂ ಸ್ವನಿಧಿ ಸಾಲ ಕೊಡಿಸಿ. 2020ರಲ್ಲಿ ಮೊದಲ ಕಂತು 10,000 ರೂಪಾಯಿ ಇತ್ತು, 2025ರಲ್ಲಿ 15,000 ಆಯಿತು.

ಮೊಳಕಾಲ್ಮೂರು ರೇಷ್ಮೆ, ಚಳ್ಳಕೆರೆ ಕಂಬಳಿ, ಗಾಣದ ಶೇಂಗಾ ಎಣ್ಣೆಗೂ ಇದೇ ಸಾಲಿನಲ್ಲಿ ಜಾಗವಿರಲಿ, ಮೂರ್ನಾಲ್ಕು ಮಳಿಗೆ ಸಾಕು. ಇಡೀ ಬೀದಿಯನ್ನು ನೆನಪಿನ ಕಾಣಿಕೆಯ ಅಂಗಡಿ ಮಾಡಿದ ಪ್ರವಾಸಿ ಊರುಗಳಲ್ಲಿ ಊರವರೇ ಆ ಬೀದಿಗೆ ಹೋಗುವುದಿಲ್ಲ.

ಮುಚ್ಚಿದ ಶಟರು, ಖಾಲಿ ಮಹಡಿ

ನೀವು ಬರೆದ ಕಾರಣಗಳ ಪಟ್ಟಿ ಈಗ ಬೇಕು. ಪಾಲು ವ್ಯಾಜ್ಯದಲ್ಲಿರುವುದನ್ನು ಸಂಘ ಏನೂ ಮಾಡಲಾಗದು. ಶಟರ್ ಎಳೆದಿದ್ದರೂ ಒಳಗೆ ಮಾಲು ತುಂಬಿರುವುದು ಬಹಳ; ಅದು ಖಾಲಿ ಅಂಗಡಿಯಲ್ಲ, ಗೋದಾಮು. ಊರ ಹೊರಗೆ ಸೋವಿ ಗೋದಾಮು ಗೊತ್ತು ಮಾಡಿಕೊಟ್ಟರೆ ಮುಂಭಾಗ ಬಿಡುಗಡೆಯಾಗುತ್ತದೆ. ಬಾಡಿಗೆಯ ಆಸೆಯಿಂದ ಖಾಲಿ ಬಿಟ್ಟವರಿಗೆ 11 ತಿಂಗಳ ಕರಾರು ಸುಲಭ, ಒಂದು ವರ್ಷ ಮೀರದಿದ್ದರೆ ಕಡ್ಡಾಯ ನೋಂದಣಿ ಬೇಡ. ಹತ್ತು ತಿಂಗಳ ಅಡ್ವಾನ್ಸ್ ಬದಲು ಎರಡು ತಿಂಗಳದು, ಮೊದಲ ಮೂರು ತಿಂಗಳು ಅರ್ಧ ಬಾಡಿಗೆ.

ಮೇಲ್ಮಹಡಿ ಖಾಲಿ ಇರುವುದಕ್ಕೆ ಕಾರಣ ಹಲವು ಸಲ ಮೆಟ್ಟಿಲು. ಅದು ಅಂಗಡಿಯ ಒಳಗಿನಿಂದ ಮಾತ್ರ ಹತ್ತುತ್ತದೆ, ರಾತ್ರಿ ಶಟರ್ ಎಳೆದರೆ ಮೇಲಿನವರು ಬಂದಿ. ಹಿಂದಿನ ಸಂದಿಯಿಂದ ಮೂರು ನಾಲ್ಕು ಕಟ್ಟಡಕ್ಕೆ ಸೇರಿ ಒಂದು ಕಬ್ಬಿಣದ ಮೆಟ್ಟಿಲು ಇಟ್ಟರೆ ಟ್ಯೂಷನ್, ಹೊಲಿಗೆ, ಹೋಂಸ್ಟೇ ಏನಾದರೂ ಬರುತ್ತದೆ. ನೂರು ಮೀಟರ್ ವಲಯದೊಳಗಾದರೆ ಇದಕ್ಕೂ ಮೊದಲು ಅನುಮತಿ ಕೇಳಬೇಕು.

ಹೊಸ ಕಾಂಪ್ಲೆಕ್ಸಿನ ಬಗ್ಗೆ ಎರಡೇ ಮಾತು. ನೆಲಮಹಡಿ ಹರಾಜಾಗುತ್ತದೆ, ಮೊದಲ ಮಹಡಿ ಖಾಲಿ ಉಳಿಯುತ್ತದೆ. ಇರುವ ಶಟರುಗಳು ತುಂಬುವವರೆಗೆ ಅದರ ಮಾತೇ ಬೇಡ.

ದಾವಣಗೆರೆಗೆ ಇದೇ ಲೆಕ್ಕವಲ್ಲ

ದಾವಣಗೆರೆಯ ಮಂಡಿಪೇಟೆಯಂಥ ಸಗಟು ಬೀದಿಯಲ್ಲಿ ಗಿರಾಕಿ ಮನುಷ್ಯನಿಗಿಂತ ಲಾರಿ. ಅಲ್ಲಿ ವೇಳೆಯೇ ಮುಖ್ಯ: ಸರಕಿಗೆ ಬೆಳಗು, ಚಿಲ್ಲರೆಗೆ ಮಧ್ಯಾಹ್ನದ ಮೇಲೆ. ಹಣದ ಮೂಲವೂ ಬೇರೆಯಿತ್ತು. ದಾವಣಗೆರೆ 2016ರ ಜನವರಿಯಲ್ಲೇ ಸ್ಮಾರ್ಟ್ ಸಿಟಿಯ ಮೊದಲ 20ರ ಪಟ್ಟಿಗೆ ಸೇರಿತು. ದುರ್ಗ ಆ ಪಟ್ಟಿಯಲ್ಲಿರಲಿಲ್ಲ, ನಗರಸಭೆಯ ಅನುದಾನದಲ್ಲಿ ನೂರು ನೂರು ಮೀಟರಿನಂತೆ ಮಾಡಬೇಕು. ಎರಡೂ ಬದಿ 2.5 ಮೀಟರ್ ನಡೆದಾರಿಯೆಂದರೆ 100 ಮೀಟರಿಗೆ 500 ಚದರ ಮೀಟರ್ ಹಾಸು. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಿಂದ ಗುಣಿಸಿ, ಚರಂಡಿ-ಕೊಳವೆಯ ಅಂದಾಜು ಬೇರೆಯೇ ಕೇಳಿ. ಹಾಸಿಗಿಂತ ಅದೇ ದುಬಾರಿಯಾಗುವುದುಂಟು.

ಕಲ್ಲು ಹಾಸುವ ಮೊದಲು ಒಂದು ತಿಂಗಳು

ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಡಿ ಸಂಚಾರ ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ರಾಜ್ಯಪತ್ರದ ಅಧಿಸೂಚನೆ ಬೇಕಿಲ್ಲ, ಊರಿನಲ್ಲಿ ಪ್ರಚಾರ ಮಾಡಿದರೆ ಸಾಕು. ಆದ್ದರಿಂದ 28 ದಿನದ ಪ್ರಯೋಗ ಮಾಡಿ: ಪ್ಲಾಸ್ಟಿಕ್ ತಡೆಗೋಡೆ, ಬಿಳಿ ಗೆರೆ, ಎರಡು ತುದಿಗೂ ಗೃಹರಕ್ಷಕರು. ಆಷಾಢದಲ್ಲಿ ಬೇಡ, ದೀಪಾವಳಿ ತಿಂಗಳಲ್ಲೂ ಬೇಡ, ಎರಡರಲ್ಲೂ ಅಂಕಿ ಸುಳ್ಳು ಹೇಳುತ್ತದೆ. ಜನವರಿ ಕೊನೆಯಿಂದ ಫೆಬ್ರವರಿ ಸರಿ. ಮೊದಲ ವಾರ ಗಲಾಟೆಯಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ವ್ಯಾಪಾರ ಏರಿತೋ ಇಳಿಯಿತೋ ಎಂದು ಮೊತ್ತ ಕೇಳಿದರೆ ಯಾರೂ ಹೇಳುವುದಿಲ್ಲ. 2025ರಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಹೋದ ಮೇಲಂತೂ ಕೇಳಲೇಬೇಡಿ. ದಿನಕ್ಕೆ ಎಷ್ಟು ಬಿಲ್ಲು ಎಂಬುದಷ್ಟನ್ನು ಚೀಟಿಯಲ್ಲಿ ಬರೆದು, ಹೆಸರಿಲ್ಲದೆ ಡಬ್ಬಿಗೆ ಹಾಕಲಿ. ಹಿಂದಿನ ತಿಂಗಳ ಚೀಟಿಗಳನ್ನೂ ಹೀಗೆಯೇ ತೆಗೆದಿಟ್ಟಿರಬೇಕು, ಇಲ್ಲವಾದರೆ ಹೋಲಿಸಲು ಏನೂ ಇರುವುದಿಲ್ಲ. ಎರಡನೇ ವಾರದಿಂದ ನಡೆಯುವವರ ಎಣಿಕೆ ಏರಿ ಬಿಲ್ಲು ಏರದಿದ್ದರೆ ಬಂದವರಿಗೆ ಬೇಕಾದ ಸರಕು ಬೀದಿಯಲ್ಲಿಲ್ಲ ಎಂದರ್ಥ, ರಸ್ತೆಯನ್ನು ದೂರಬೇಡಿ. ಎರಡೂ ಇಳಿದರೆ ಮೊದಲು ಪಾರ್ಕಿಂಗ್ ಜಾಗದ ದೂರವನ್ನೂ ಒಮ್ಮುಖದ ದಿಕ್ಕನ್ನೂ ಬದಲಿಸಿ ಇನ್ನೊಮ್ಮೆ ನೋಡಿ. ತಡೆಗೋಡೆ ತಳ್ಳಿ ಇನ್ನೊಂದು ಕಡೆ ಇಡಲು ಅರ್ಧ ದಿನ ಸಾಕು.